ಕೈಯ ವಾಚು ಎಚ್ಚರಿಸಿದಾಗ: ಗಾಬರಿಯೂ ಬೇಡ, ಅಸಡ್ಡೆಯೂ ಬೇಡ



ಕಳೆದ ಮಳೆಗಾಲದಲ್ಲಿ ಒಂದು ಸ್ವಸಹಾಯ ಸಂಘದ ತಿಂಗಳ ಸಭೆಗೆ ಹೋಗಿದ್ದೆ. ಉಳಿತಾಯದ ಲೆಕ್ಕ, ಸಾಲದ ಕಂತು ಎಲ್ಲ ಮುಗಿಯಿತು. ಸದಸ್ಯೆಯರು ಒಬ್ಬೊಬ್ಬರಾಗಿ ಎದ್ದು ಹೋದರು. 64 ವರ್ಷದ ಒಬ್ಬರು ಮಾತ್ರ ಕೊಡೆ ಹಿಡಿದುಕೊಂಡು ಬಾಗಿಲ ಬಳಿಯೇ ನಿಂತಿದ್ದರು. ಎಲ್ಲರೂ ಹೋದ ಮೇಲೆ ಚೀಲದಿಂದ ಒಂದು ಕೈಗಡಿಯಾರ ತೆಗೆದು ನನ್ನ ಮುಂದಿಟ್ಟರು.

"ಸಿಸ್ಟರ್, ಇದು ಮಗ ಕುವೈತಿನಿಂದ ಕಳಿಸಿದ್ದು. ಒಂದು ದಿನ ರಾತ್ರಿ ಎಂತದೋ ಇಂಗ್ಲಿಷಿನಲ್ಲಿ ಬಂತು. ಹಾರ್ಟಿನ ವಿಷಯ ಅಂತ ಪಕ್ಕದ ಮನೆ ಹುಡುಗಿ ಓದಿ ಹೇಳಿದಳು. ಅವತ್ತೇ ತೆಗೆದು ಕಪಾಟಿನಲ್ಲಿ ಇಟ್ಟೆ."

"ಎಷ್ಟು ದಿನ ಆಯ್ತು?"

"ಮೂರು ವಾರ."

"ಮಗನಿಗೆ ಹೇಳಿದ್ದೀರಾ?"

"ಇಲ್ಲ ಸಿಸ್ಟರ್. ಹೇಳಿದ್ರೆ ಅವನು ಕೆಲಸ ಬಿಟ್ಟು ಬರ್ತಾನೆ. ಮತ್ತೆ ಆಸ್ಪತ್ರೆಯ ಖರ್ಚು ಬೇರೆ."

ಅದೇ ತಿಂಗಳು ಇನ್ನೊಂದು ಊರಿನಲ್ಲಿ ಇದಕ್ಕೆ ಪೂರ್ತಿ ವಿರುದ್ಧವಾದ ಘಟನೆ ನಡೆಯಿತು. 27 ವರ್ಷದ ಯುವಕ. ವಾಲಿಬಾಲ್ ಆಡಿ ಬೆವರಿಳಿಸಿಕೊಂಡು ಬಂದು ವಾಚು ನೋಡಿದಾಗ ಹೃದಯ ಬಡಿತ ಸರಿಯಿಲ್ಲ ಎಂದು ತೋರಿಸಿತು. ಆತ ಹೆದರಿದ, ಮನೆಯವರು ಅವನಿಗಿಂತ ಹೆಚ್ಚು ಹೆದರಿದರು. ಮಧ್ಯರಾತ್ರಿ ಬಾಡಿಗೆ ಕಾರು ಮಾಡಿಕೊಂಡು ನಗರದ ಆಸ್ಪತ್ರೆಗೆ ಓಡಿದರು. ಎಲ್ಲ ಪರೀಕ್ಷೆಗಳೂ ಸರಿಯಾಗಿದ್ದವು. ಆದರೆ ಬಿಲ್ಲು ಕಟ್ಟಲು ತಾಯಿಯ ಬಳೆ ಅಡವಿಡಬೇಕಾಯಿತು. ವಾಚಿನ ಪಟ್ಟಿ ಸಡಿಲವಾಗಿತ್ತು, ಅಷ್ಟೇ.

ಒಬ್ಬರು ಬಚ್ಚಿಟ್ಟರು, ಇನ್ನೊಬ್ಬರು ಓಡಿದರು. ಇವೆರಡರ ನಡುವೆ ಒಂದು ಸರಿಯಾದ ದಾರಿ ಇದೆ. ಈಗ ಹಳ್ಳಿ ಹಳ್ಳಿಯಲ್ಲೂ ಇಂಥ ವಾಚುಗಳು ಬಂದಿರುವುದರಿಂದ ಆ ದಾರಿಯನ್ನು ನಾವೆಲ್ಲರೂ ತಿಳಿದುಕೊಂಡಿರುವುದು ಒಳ್ಳೆಯದು.

ವಾಚಿಗೆ ಹೃದಯದ ವಿಷಯ ಹೇಗೆ ಗೊತ್ತಾಗುತ್ತದೆ?

ವಾಚನ್ನು ತಿರುಗಿಸಿ ನೋಡಿ. ಹಿಂಬದಿಯಲ್ಲಿ ಹಸಿರು ಬೆಳಕು ಮಿನುಗುತ್ತದೆ. ಹೃದಯ ಒಮ್ಮೆ ಬಡಿದಾಗ ಚರ್ಮದ ಕೆಳಗಿನ ಸಣ್ಣ ರಕ್ತನಾಳಗಳು ತುಂಬುತ್ತವೆ, ಆಗ ಹಸಿರು ಬೆಳಕು ಹೆಚ್ಚು ಹೀರಲ್ಪಡುತ್ತದೆ. ಹಿಂದಕ್ಕೆ ಮರಳುವ ಬೆಳಕಿನ ಏರಿಳಿತ ನೋಡಿ ವಾಚು ಬಡಿತಗಳನ್ನು ಎಣಿಸುತ್ತದೆ. ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವಿನ ಅಂತರವನ್ನೂ ಅಳೆಯುತ್ತದೆ. ಯಕ್ಷಗಾನದಲ್ಲಿ ತಾಳ ತಪ್ಪಿದರೆ ಹಿಂದೆ ಕುಳಿತವರಿಗೂ ಗೊತ್ತಾಗುವ ಹಾಗೆ, ಈ ಅಂತರ ಮತ್ತೆ ಮತ್ತೆ ಹೆಚ್ಚುಕಡಿಮೆಯಾದರೆ ವಾಚು ಎಚ್ಚರಿಕೆ ಕೊಡುತ್ತದೆ.

ಒಳ್ಳೆಯ ವಾಚುಗಳು ಒಂದು ಸಲ ತಾಳ ತಪ್ಪಿದ ಕೂಡಲೇ ಕೂಗುವುದಿಲ್ಲ. ಉದಾಹರಣೆಗೆ ಆಪಲ್ ವಾಚು, ಕೈ ಅಲುಗಾಡದೆ ಇರುವಾಗ ಹಲವು ಸಲ ಪರೀಕ್ಷಿಸಿ, ಆರರಲ್ಲಿ ಐದು ಸಲವಾದರೂ ಬಡಿತ ಏರುಪೇರಾಗಿದ್ದರೆ ಮಾತ್ರ ಸೂಚನೆ ಕೊಡುತ್ತದೆ. ಈ ಸೌಲಭ್ಯ 22 ವರ್ಷದೊಳಗಿನವರಿಗಲ್ಲ, ಈಗಾಗಲೇ ಈ ಕಾಯಿಲೆ ಇದೆ ಎಂದು ಗೊತ್ತಾದವರಿಗೂ ಅಲ್ಲ. ಸಂತೆಯಲ್ಲಿ, ಆನ್‌ಲೈನ್‌ನಲ್ಲಿ ಸಾವಿರ ರೂಪಾಯಿಗೆ ಸಿಗುವ ಎಲ್ಲ ವಾಚುಗಳಲ್ಲೂ ಇಂಥ ವ್ಯವಸ್ಥೆ ಇರುವುದಿಲ್ಲ. ಅವು ತೋರಿಸುವ ಅಂಕಿಯನ್ನು ನಂಬಿ ಯಾವ ತೀರ್ಮಾನಕ್ಕೂ ಬರಬೇಡಿ.

ಈ ಎಚ್ಚರಿಕೆ ಎಷ್ಟು ನಿಜ?

ಅಮೆರಿಕದಲ್ಲಿ 4,19,297 ಜನ ವಾಚು ಕಟ್ಟಿಕೊಂಡು ಒಂದು ದೊಡ್ಡ ಅಧ್ಯಯನದಲ್ಲಿ ಪಾಲ್ಗೊಂಡರು. ಅದರ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಇಷ್ಟು ಜನರಲ್ಲಿ ಎಚ್ಚರಿಕೆ ಬಂದದ್ದು 2,161 ಮಂದಿಗೆ, ಅಂದರೆ 200 ಜನರಲ್ಲಿ ಸುಮಾರು ಒಬ್ಬರಿಗೆ. 40 ವರ್ಷದೊಳಗಿನವರಲ್ಲಿ ಸಾವಿರಕ್ಕೆ ಇಬ್ಬರಿಗೂ ಬರಲಿಲ್ಲ. 65 ದಾಟಿದವರಲ್ಲಿ ನೂರಕ್ಕೆ ಸುಮಾರು ಮೂವರಿಗೆ ಬಂತು.

ಎಚ್ಚರಿಕೆ ಬಂದವರಿಗೆ ಎದೆಗೆ ಅಂಟಿಸುವ ಇಸಿಜಿ ಪಟ್ಟಿಯನ್ನು ಕಳುಹಿಸಲಾಯಿತು. ಅದನ್ನು ಹಾಕಿಕೊಂಡು ಹಿಂದಿರುಗಿಸಿದ 450 ಮಂದಿಯಲ್ಲಿ ಶೇಕಡಾ 34 ಜನರಲ್ಲಿ ಕಾಯಿಲೆ ಕಾಣಿಸಿತು. ಹಾಗಾದರೆ ಉಳಿದವರದ್ದು ಸುಳ್ಳೇ? ಹಾಗೆ ಹೇಳಲಾಗದು. ಈ ಏರುಪೇರು ಬಂದು ಹೋಗುವ ಸ್ವಭಾವದ್ದು. ಪಟ್ಟಿ ಹಾಕುವಷ್ಟರಲ್ಲಿ ಎಷ್ಟೋ ದಿನ ಕಳೆದಿರುತ್ತಿತ್ತು. ಪಟ್ಟಿ ಹಾಕಿಕೊಂಡಿರುವಾಗಲೇ ವಾಚು ಮತ್ತೆ ಎಚ್ಚರಿಸಿದ ಸಂದರ್ಭಗಳಲ್ಲಿ ಶೇಕಡಾ 84ರಷ್ಟು ಸಲ ಅದು ಹೇಳಿದ್ದು ಸರಿಯಾಗಿತ್ತು.

ಇದರಿಂದ ನಾವು ತಿಳಿಯಬೇಕಾದದ್ದು ಇಷ್ಟೇ. ವಾಚಿನ ಎಚ್ಚರಿಕೆ ವೈದ್ಯರ ತೀರ್ಪಲ್ಲ. ಆದರೆ ಅದು ಹುಡುಗಾಟವೂ ಅಲ್ಲ. ಮನೆಯ ನಾಯಿ ರಾತ್ರಿ ಬೊಗಳಿದರೆ ಕಳ್ಳನೇ ಬಂದಿರಬೇಕೆಂದಿಲ್ಲ. ಆದರೂ ಎದ್ದು ದೀಪ ಹಾಕಿ ನೋಡುತ್ತೇವಲ್ಲ, ಹಾಗೆ.

ಯಾವ ಕಾಯಿಲೆಯ ಬಗ್ಗೆ ಈ ಎಚ್ಚರಿಕೆ?

ನಮ್ಮ ಹೃದಯದಲ್ಲಿ ನಾಲ್ಕು ಕೋಣೆಗಳಿವೆ. ಮೇಲಿನ ಎರಡು ಕೋಣೆಗಳಿಗೆ ಹೃತ್ಕರ್ಣ ಎನ್ನುತ್ತಾರೆ. ಅವು ಕ್ರಮವಾಗಿ ಕುಗ್ಗಿ ರಕ್ತವನ್ನು ಕೆಳಗಿನ ಕೋಣೆಗೆ ತಳ್ಳಬೇಕು. ಕೆಲವರಲ್ಲಿ ಅವು ಕುಗ್ಗುವ ಬದಲು ನಿಮಿಷಕ್ಕೆ 300ಕ್ಕೂ ಹೆಚ್ಚು ಸಲ ಸುಮ್ಮನೆ ನಡುಗುತ್ತವೆ. ಇದಕ್ಕೆ ವೈದ್ಯರು ಏಟ್ರಿಯಲ್ ಫಿಬ್ರಿಲೇಶನ್ ಎನ್ನುತ್ತಾರೆ. ಚಿಕ್ಕದಾಗಿ ಎ.ಎಫ್.

ತೋಡಿನ ನೀರು ಹರಿಯುತ್ತಿದ್ದರೆ ಸ್ವಚ್ಛವಾಗಿರುತ್ತದೆ. ಒಂದು ಮೂಲೆಯಲ್ಲಿ ನಿಂತರೆ ಪಾಚಿ ಕಟ್ಟುತ್ತದೆ. ಹಾಗೆಯೇ ಎಡಗಡೆಯ ಮೇಲಿನ ಕೋಣೆಗೆ ಒಂದು ಸಣ್ಣ ಚೀಲದಂಥ ಭಾಗವಿದೆ. ಕೋಣೆ ಸರಿಯಾಗಿ ಕುಗ್ಗದಿದ್ದರೆ ಅಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಕಳಚಿ ಮಿದುಳಿನ ರಕ್ತನಾಳಕ್ಕೆ ಹೋಗಿ ಸಿಕ್ಕಿಕೊಂಡರೆ ಲಕ್ವ ಹೊಡೆಯುತ್ತದೆ. ಎ.ಎಫ್. ಇರುವವರಿಗೆ ಲಕ್ವ ಬರುವ ಅಪಾಯ ಉಳಿದವರಿಗಿಂತ ಸುಮಾರು ಐದು ಪಟ್ಟು ಹೆಚ್ಚು. ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ವೈದ್ಯರು ಹೇಳಿದಂತೆ ತೆಗೆದುಕೊಂಡರೆ ಈ ಅಪಾಯ ಸುಮಾರು ಮೂರರಲ್ಲಿ ಎರಡು ಪಾಲು ಕಡಿಮೆಯಾಗುತ್ತದೆ.

ಕಷ್ಟ ಏನೆಂದರೆ, ಎಷ್ಟೋ ಜನರಿಗೆ ಎ.ಎಫ್. ಇರುವುದು ಗೊತ್ತೇ ಆಗುವುದಿಲ್ಲ. ಎದೆ ನೋವಿಲ್ಲ, ತಲೆ ತಿರುಗುವುದಿಲ್ಲ. ಸ್ವಲ್ಪ ಆಯಾಸವಾದರೆ "ವಯಸ್ಸಾಯ್ತಲ್ಲ" ಅನ್ನುತ್ತೇವೆ. ಲಕ್ವ ಹೊಡೆದ ಮೇಲೆ ಆಸ್ಪತ್ರೆಯಲ್ಲಿ ಇಸಿಜಿ ತೆಗೆದಾಗಲೇ ಮೊದಲ ಸಲ ತಿಳಿಯುವುದುಂಟು. ದುಡಿಯುವ ಕೈ ಬಿದ್ದು ಹೋದರೆ ಒಂದು ಮನೆಯ ಗತಿ ಏನಾಗುತ್ತದೆ ಎಂಬುದನ್ನು ನಮ್ಮ ಸಂಘಗಳ ಸದಸ್ಯೆಯರಿಗೆ ನಾನು ಹೇಳಬೇಕಾಗಿಲ್ಲ.

ಎಚ್ಚರಿಕೆ ಬಂದಾಗ ಏನು ಮಾಡಬೇಕು?

1. ಮೊದಲು ಕುಳಿತುಕೊಳ್ಳಿ. ಐದು ನಿಮಿಷ ಸುಮ್ಮನಿರಿ. ಎದೆ ನೋವು, ಉಸಿರುಕಟ್ಟು, ತಲೆಸುತ್ತು ಏನಾದರೂ ಇದೆಯೇ ಗಮನಿಸಿ. ಇದ್ದರೆ ಮುಂದಿನ ಯಾವ ಹಂತಕ್ಕೂ ಕಾಯಬೇಡಿ, ಕೂಡಲೇ 108ಕ್ಕೆ ಕರೆ ಮಾಡಿ.

2. ವಾಚನ್ನು ಪರೀಕ್ಷಿಸಿ. ಪಟ್ಟಿ ಸಡಿಲವಾಗಿತ್ತೇ? ಕೈ ಒದ್ದೆಯಾಗಿತ್ತೇ, ತಣ್ಣಗಿತ್ತೇ? ಆಗ ಬಟ್ಟೆ ಒಗೆಯುತ್ತಿದ್ದಿರೋ, ಹುಲ್ಲು ಕೊಯ್ಯುತ್ತಿದ್ದಿರೋ, ಸುಮ್ಮನೆ ಕುಳಿತಿದ್ದಿರೋ? ವಾಚು ಕಟ್ಟಿಕೊಂಡಿದ್ದವರು ನೀವೇನಾ, ಮನೆಯ ಬೇರೆಯವರಾ? ಇಂಥ ಸಣ್ಣ ವಿಷಯಗಳೂ ಮುಖ್ಯ.

3. ನಾಡಿ ಹಿಡಿದು ನೋಡಿ. ಅಂಗೈ ಮೇಲೆ ಮಾಡಿ. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಇನ್ನೊಂದು ಕೈಯ ಮೂರು ಬೆರಳು ಮೆಲ್ಲಗೆ ಒತ್ತಿ. ಹೆಬ್ಬೆರಳಿನಿಂದ ಹಿಡಿಯಬೇಡಿ, ಅದರದ್ದೇ ಬಡಿತ ತಿಳಿಯುತ್ತದೆ. ಗೋಡೆ ಗಡಿಯಾರ ನೋಡಿ ಪೂರ್ತಿ ಒಂದು ನಿಮಿಷ ಎಣಿಸಿ. ವಿಶ್ರಾಂತಿಯಲ್ಲಿದ್ದಾಗ ಸಾಮಾನ್ಯವಾಗಿ 60ರಿಂದ 100 ಇರುತ್ತದೆ. ಸಂಖ್ಯೆಗಿಂತ ಮುಖ್ಯವಾದದ್ದು ತಾಳ. ಒಮ್ಮೊಮ್ಮೆ ಒಂದು ಬಡಿತ ತಪ್ಪಿದಂತಾಗುವುದು ಆರೋಗ್ಯವಂತರಲ್ಲೂ ಉಂಟು. ಆದರೆ ಯಾವ ಕ್ರಮವೂ ಇಲ್ಲದೆ, ಒಮ್ಮೆ ಬೇಗ, ಒಮ್ಮೆ ತಡ, ಒಮ್ಮೆ ಜೋರು, ಒಮ್ಮೆ ಮೆಲ್ಲಗೆ ಬಡಿಯುತ್ತಿದ್ದರೆ ಅದನ್ನು ತಾತ್ಸಾರ ಮಾಡಬೇಡಿ.

4. ಬರೆದಿಡಿ. ದಿನಾಂಕ, ಗಂಟೆ, ಏನು ಮಾಡುತ್ತಿದ್ದಿರಿ, ನಾಡಿ ಎಷ್ಟಿತ್ತು, ಏನನ್ನಿಸಿತು. ಸಂಘದ ಪಾಸ್ ಪುಸ್ತಕದ ಕೊನೆಯ ಪುಟವಾದರೂ ಸಾಕು. ವಾಚಿನಲ್ಲಿ ಬಂದ ಸೂಚನೆಯನ್ನು ಅಳಿಸಬೇಡಿ.

5. ವಾಚಿನಲ್ಲೇ ಇಸಿಜಿ ತೆಗೆಯುವ ಸೌಲಭ್ಯವಿದ್ದರೆ ಆಗಲೇ ತೆಗೆಯಿರಿ. ಕೈಯನ್ನು ಮೇಜಿನ ಮೇಲಿಟ್ಟು, ಕಂಪನಿಯವರು ಹೇಳಿದ ಜಾಗದಲ್ಲಿ ಇನ್ನೊಂದು ಕೈಯ ಬೆರಳಿಟ್ಟು 30 ಸೆಕೆಂಡು ಅಲುಗಾಡದೆ ಕುಳಿತರಾಯಿತು. ಅದು ಫೋನಿನಲ್ಲಿ ಉಳಿಯುತ್ತದೆ, ವೈದ್ಯರಿಗೆ ತೋರಿಸಬಹುದು.

6. ಇಸಿಜಿ ಮಾಡಿಸಿ. ನಾಡಿ ಆಗಲೂ ಏರುಪೇರಾಗಿದ್ದರೆ ಅದೇ ದಿನ ಅಥವಾ ಮಾರನೆಯ ದಿನ ಹೋಗಿ. ಬಡಿತ ಕೆಟ್ಟಿರುವಾಗ ತೆಗೆದ ಇಸಿಜಿಯಲ್ಲೇ ಕಾಯಿಲೆ ಸಿಕ್ಕಿಬೀಳುವುದು. ನಾಡಿ ಸರಿಯಾಗಿದ್ದು, ಯಾವ ತೊಂದರೆಯೂ ಇಲ್ಲದಿದ್ದರೆ ಒಂದು ವಾರದೊಳಗೆ ವೈದ್ಯರನ್ನು ಕಂಡರೆ ಸಾಕು. 65 ದಾಟಿದವರು, ಬಿಪಿ ಅಥವಾ ಸಕ್ಕರೆ ಕಾಯಿಲೆ ಇರುವವರು, ಹಿಂದೆ ಹೃದಯದ ತೊಂದರೆ ಅಥವಾ ಲಕ್ವ ಆದವರು ತಡ ಮಾಡಲೇಬಾರದು.

7. ನೀವಾಗಿಯೇ ಮಾತ್ರೆ ನುಂಗಬೇಡಿ. "ರಕ್ತ ತೆಳು ಮಾಡಲಿಕ್ಕೆ ಒಂದು ಆಸ್ಪಿರಿನ್ ತಕೊಳ್ಳಿ" ಎಂದು ಯಾರೋ ಹೇಳಿದರು ಅಂತ ಶುರು ಮಾಡಬೇಡಿ. ಎ.ಎಫ್.ಗೆ ಬೇಕಾದ ಮಾತ್ರೆಯೇ ಬೇರೆ. ಈಗಾಗಲೇ ತೆಗೆದುಕೊಳ್ಳುತ್ತಿರುವ ಬಿಪಿ, ಸಕ್ಕರೆ ಮಾತ್ರೆಗಳನ್ನು ಹೆದರಿ ನಿಲ್ಲಿಸಲೂಬೇಡಿ.

ಯಾವಾಗ ಒಂದು ಕ್ಷಣವೂ ಕಾಯಬಾರದು?

- ಎದೆಯಲ್ಲಿ ನೋವು, ಒತ್ತಿದಂತೆ ಭಾರ, ಅದು ತೋಳಿಗೆ ಅಥವಾ ದವಡೆಗೆ ಹರಡುವುದು
- ಉಸಿರಾಡಲು ಕಷ್ಟ
- ಪ್ರಜ್ಞೆ ತಪ್ಪುವುದು ಅಥವಾ ತಪ್ಪಿದಂತಾಗುವುದು
- ಬಾಯಿ ಒಂದು ಕಡೆ ವಾಲುವುದು, ಒಂದು ಕೈ ಅಥವಾ ಕಾಲಿನಲ್ಲಿ ಬಲವಿಲ್ಲದಾಗುವುದು, ಮಾತು ತೊದಲುವುದು
- ಸುಮ್ಮನೆ ಕುಳಿತಿದ್ದರೂ ನಾಡಿ 120ಕ್ಕಿಂತ ಮೇಲೆಯೇ ನಿಂತು, ಜೊತೆಗೆ ಸುಸ್ತು, ತಲೆಸುತ್ತು ಇರುವುದು

ಲಕ್ವದಲ್ಲಿ ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಆದ್ದರಿಂದ "ಬೆಳಿಗ್ಗೆ ನೋಡೋಣ" ಅನ್ನಬೇಡಿ. ಎಣ್ಣೆ ತಿಕ್ಕುತ್ತಾ, ಮದ್ದಿನ ಸೊಪ್ಪು ಹುಡುಕುತ್ತಾ ಸಮಯ ಕಳೆಯಬೇಡಿ. ತೊದಲು ಶುರುವಾದ ಗಂಟೆಯನ್ನು ನೆನಪಿಟ್ಟುಕೊಳ್ಳಿ, ಆಸ್ಪತ್ರೆಯಲ್ಲಿ ಕೇಳುವ ಮೊದಲ ಪ್ರಶ್ನೆಯೇ ಅದು.

ಇಸಿಜಿಗೆ ಎಲ್ಲಿಗೆ ಹೋಗುವುದು?

ದೊಡ್ಡ ನಗರಕ್ಕೇ ಓಡಬೇಕಾಗಿಲ್ಲ. ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ಇದೆ. ಹಲವು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೂ ಇದೆ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು ಹಳ್ಳಿಗಳ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಕೊಡಿಸಿ, ಅಲ್ಲಿ ತೆಗೆದ ಇಸಿಜಿಯನ್ನು ವಾಟ್ಸಾಪ್‌ನಲ್ಲಿ ತಜ್ಞರು ನೋಡಿ ಹೇಳುವ ವ್ಯವಸ್ಥೆ ಮಾಡಿದ್ದನ್ನು ನಮ್ಮ ಕಡೆಯವರು ಬಲ್ಲರು. ನಿಮ್ಮ ಊರಿನಲ್ಲಿ ಎಲ್ಲಿ ಇಸಿಜಿ ತೆಗೆಯುತ್ತಾರೆ, ಯಾವ ಹೊತ್ತಿಗೆ ತೆಗೆಯುತ್ತಾರೆ ಎಂದು ಆಶಾ ಕಾರ್ಯಕರ್ತೆಯನ್ನು ಇಂದೇ ಕೇಳಿಟ್ಟುಕೊಳ್ಳಿ. ಬೇಕಾದಾಗ ಹುಡುಕುವುದಕ್ಕಿಂತ ಮೊದಲೇ ತಿಳಿದಿರುವುದು ವಾಸಿ. ಮುಂದೆ ದೊಡ್ಡ ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ ರೇಷನ್ ಕಾರ್ಡು, ಆಧಾರ್ ಕಾರ್ಡು ಜೊತೆಗಿರಲಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ಸರಕಾರಿ ಆಸ್ಪತ್ರೆಯಲ್ಲೇ ವಿಚಾರಿಸಿ.

ವೈದ್ಯರ ಬಳಿ "ವಾಚಿನಲ್ಲಿ ಎಂತದೋ ಬಂತು" ಎಂದಷ್ಟೇ ಹೇಳಬೇಡಿ. ಬರೆದಿಟ್ಟದ್ದನ್ನು ತೋರಿಸಿ. ಯಾವ ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ, ಥೈರಾಯ್ಡ್ ತೊಂದರೆ ಇದೆಯೇ, ರಾತ್ರಿ ಜೋರಾಗಿ ಗೊರಕೆ ಹೊಡೆಯುತ್ತೀರಾ, ಮದ್ಯ ಕುಡಿಯುವ ಅಭ್ಯಾಸ ಇದೆಯೇ ಎಂಬುದನ್ನು ಮುಚ್ಚಿಡದೆ ಹೇಳಿ. ಇವೆಲ್ಲವೂ ಎ.ಎಫ್. ಬರಲು ಕಾರಣವಾಗಬಲ್ಲವು. ಚಿಕ್ಕಂದಿನಲ್ಲಿ ಗಂಟಲು ನೋವಿನ ನಂತರ ಕೀಲುಗಳು ಊದಿ ಜ್ವರ ಬಂದಿದ್ದರೆ ಅದನ್ನೂ ಹೇಳಿ. ಆ ವಾತಜ್ವರ ಹೃದಯದ ಕವಾಟವನ್ನು ಕೆಡಿಸಿ, ಎಷ್ಟೋ ವರ್ಷಗಳ ನಂತರ ಎ.ಎಫ್. ತರುವುದುಂಟು. ಬಡ ಕುಟುಂಬಗಳಲ್ಲಿ ಇದು ಇನ್ನೂ ಹೋಗಿಲ್ಲ.

ಇಸಿಜಿ ಸರಿಯಾಗಿ ಬಂದರೆ ಸಂತೋಷ. ಆದರೆ ವಾಚು ಮತ್ತೆ ಮತ್ತೆ ಎಚ್ಚರಿಸುತ್ತಿದ್ದರೆ ಪುನಃ ಹೋಗಿ ಹೇಳಿ. 24 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಮೈಮೇಲೆ ಇಟ್ಟುಕೊಳ್ಳುವ ಹೋಲ್ಟರ್ ಎಂಬ ಪರೀಕ್ಷೆ ಇದೆ.

ಎ.ಎಫ್. ಖಚಿತವಾದರೆ

ಎಲ್ಲರಿಗೂ ಒಂದೇ ಚಿಕಿತ್ಸೆ ಅಲ್ಲ. ವಯಸ್ಸು, ಬಿಪಿ, ಸಕ್ಕರೆ, ಹೃದಯದ ಸ್ಥಿತಿ, ಹಿಂದೆ ಲಕ್ವ ಆಗಿತ್ತೇ ಎಂಬುದನ್ನೆಲ್ಲ ಲೆಕ್ಕ ಹಾಕಿ ಹೆಪ್ಪು ತಡೆಯುವ ಮಾತ್ರೆ ಬೇಕೇ ಎಂದು ವೈದ್ಯರು ನಿರ್ಧರಿಸುತ್ತಾರೆ. ವಾತಜ್ವರದಿಂದ ಕವಾಟ ಕಿರಿದಾದವರಿಗೆ ಹಳೆಯ ವಾರ್ಫರಿನ್ ಜಾತಿಯ ಮಾತ್ರೆಯೇ ಒಳ್ಳೆಯದೆಂದು 2022ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ತೋರಿಸಿತು. ಈ ಮಾತ್ರೆ ತೆಗೆದುಕೊಳ್ಳುವವರು ಐಎನ್ಆರ್ ಎಂಬ ರಕ್ತಪರೀಕ್ಷೆಯನ್ನು ತಪ್ಪದೆ ಮಾಡಿಸಬೇಕು. ಹರಿವೆ, ಬಸಳೆ ಬಿಡಬೇಕಾಗಿಲ್ಲ, ಆದರೆ ಒಂದು ವಾರ ಬುಟ್ಟಿಗಟ್ಟಲೆ, ಇನ್ನೊಂದು ವಾರ ಏನೂ ಇಲ್ಲ ಎಂಬಂತಾಗಬಾರದು. ಹೆಪ್ಪು ತಡೆಯುವ ಯಾವುದೇ ಮಾತ್ರೆ ತೆಗೆದುಕೊಳ್ಳುವವರು ಸೊಂಟನೋವು, ಮಂಡಿನೋವಿಗೆ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಬಾರದು, ಹೊಟ್ಟೆಯೊಳಗೆ ರಕ್ತಸ್ರಾವ ಆಗಬಹುದು. "ಈಗ ಆರಾಮ ಇದೆ" ಎಂದು ಮಾತ್ರೆ ನಿಲ್ಲಿಸುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಈ ಮಾತ್ರೆಯ ಕೆಲಸ ಆರಾಮ ಕೊಡುವುದಲ್ಲ, ಲಕ್ವ ಬಾರದಂತೆ ಕಾಯುವುದು.

ವಾಚು ಸುಮ್ಮನಿದ್ದರೆ ಎಲ್ಲ ಸರಿಯೇ?

ಇಲ್ಲ. ವಾಚು ಸದಾಕಾಲ ನೋಡುತ್ತಿರುವುದಿಲ್ಲ. ಎ.ಎಫ್. ಇದ್ದರೂ ಅದಕ್ಕೆ ಕಾಣದೆ ಹೋಗಬಹುದು. ಇನ್ನೂ ಮುಖ್ಯವಾದ ಮಾತು, ಹೃದಯಾಘಾತವನ್ನು ಈ ವಾಚುಗಳು ಕಂಡುಹಿಡಿಯುವುದಿಲ್ಲ. ವಾಚಿನ ಇಸಿಜಿಯಲ್ಲೂ ಅದು ಗೊತ್ತಾಗುವುದಿಲ್ಲ. ಎದೆ ನೋಯುತ್ತಿರುವಾಗ "ವಾಚಿನಲ್ಲಿ ಎಲ್ಲ ಸರಿ ಇದೆ" ಎಂದು ಮನೆಯಲ್ಲಿ ಕುಳಿತುಕೊಳ್ಳಬೇಡಿ. ನಿಮ್ಮ ಮೈ ಹೇಳುವುದನ್ನು ಮೊದಲು ಕೇಳಿ, ವಾಚಿನ ಮಾತು ಆಮೇಲೆ.

ವಾಚು ಕಳುಹಿಸುವ ಮಕ್ಕಳಿಗೆ ಒಂದು ಮಾತು

ದೂರದಲ್ಲಿದ್ದುಕೊಂಡು ಅಪ್ಪ ಅಮ್ಮನ ಆರೋಗ್ಯದ ಚಿಂತೆಯಿಂದ ಕಳುಹಿಸುತ್ತೀರಿ, ಒಳ್ಳೆಯದೇ. ಆದರೆ ಪೆಟ್ಟಿಗೆ ಕಳುಹಿಸಿದರೆ ಸಾಲದು. ನಿಮ್ಮ ಹಳೆಯ ಫೋನು ಕೊಟ್ಟಿದ್ದರೆ ಅದರಲ್ಲಿ ನಿಮ್ಮ ಹುಟ್ಟಿದ ದಿನಾಂಕ ತೆಗೆದು ಅವರದ್ದು ಹಾಕಿ. ಯಾವ ಸೂಚನೆ ಬಂದರೆ ಏನರ್ಥ, ಆಗ ಏನು ಮಾಡಬೇಕು ಎಂದು ಕನ್ನಡದಲ್ಲಿ ಒಂದು ಚೀಟಿ ಬರೆದು ಗೋಡೆಗೆ ಅಂಟಿಸಿ. ಹತ್ತಿರದಲ್ಲೇ ಇರುವ ಒಬ್ಬರ ಫೋನ್ ನಂಬರನ್ನೂ ಅದರಲ್ಲಿ ಬರೆಯಿರಿ. ಅವರ ಒಪ್ಪಿಗೆ ಕೇಳಿ, ಸೂಚನೆ ನಿಮ್ಮ ಫೋನಿಗೂ ಬರುವಂತೆ ಮಾಡಲು ಸಾಧ್ಯವಿದ್ದರೆ ಮಾಡಿ. ಎಲ್ಲಕ್ಕಿಂತ ಮುಖ್ಯವಾಗಿ, "ಹೇಳಿದರೆ ಮಗನಿಗೆ ಕಷ್ಟ" ಎಂಬ ಹೆದರಿಕೆ ಅವರಲ್ಲಿ ಉಳಿಯದಂತೆ ಮಾತನಾಡಿ.

ಕೊನೆಯದಾಗಿ

ಆ ದಿನ ಸಭೆಯ ಕೋಣೆಯಲ್ಲೇ ನಾನು ಆ ಸದಸ್ಯೆಯ ನಾಡಿ ಹಿಡಿದು ನೋಡಿದೆ. ತಾಳ ಇರಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಸಂಘದ ಇಬ್ಬರು ಅವರನ್ನು ತಾಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದರು. ಇಸಿಜಿಯಲ್ಲಿ ಎ.ಎಫ್. ಇತ್ತು. ಮುಂದೆ ಎಕೋ ಮಾಡಿಸಿದಾಗ ಕವಾಟ ಕಿರಿದಾಗಿರುವುದು ತಿಳಿಯಿತು. ಕೇಳಿದರೆ, "ಹೌದು, ನಾಲ್ಕನೇ ಕ್ಲಾಸಿನಲ್ಲಿ ಗಂಟು ನೋವು ಬಂದು ಮೂರು ತಿಂಗಳು ಶಾಲೆಗೇ ಹೋಗಿರಲಿಲ್ಲ" ಅಂದರು. 50 ವರ್ಷಕ್ಕೂ ಹಿಂದಿನ ಆ ಜ್ವರದ ಗುರುತು ವಾಚಿನ ನೆಪದಲ್ಲಿ ಹೊರಗೆ ಬಂತು. ಈಗ ಅವರು ಮಾತ್ರೆ ತಪ್ಪಿಸುವುದಿಲ್ಲ, ರಕ್ತಪರೀಕ್ಷೆಗೂ ಹೋಗುತ್ತಾರೆ. ಮಗನಿಗೆ ತಾವೇ ಫೋನ್ ಮಾಡಿ ಹೇಳಿದರು. ಅವನು ಕೆಲಸ ಬಿಟ್ಟು ಬರಲಿಲ್ಲ. "ಅಮ್ಮ, ಮೂರು ವಾರ ಯಾಕೆ ಸುಮ್ಮನಿದ್ರಿ?" ಎಂದಷ್ಟೇ ಕೇಳಿದನಂತೆ.

ವಾಚು ಎಲ್ಲರ ಕೈಯಲ್ಲಿ ಇರುವುದಿಲ್ಲ. ಆದರೆ ನಾಡಿ ಎಲ್ಲರ ಕೈಯಲ್ಲೂ ಇದೆ. ಅದನ್ನು ನೋಡಲು ಮೂರು ಬೆರಳು, ಒಂದು ನಿಮಿಷ ಸಾಕು, ಖರ್ಚಿಲ್ಲ. ಮುಂದಿನ ತಿಂಗಳ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಹತ್ತು ನಿಮಿಷ ಇದಕ್ಕಾಗಿ ಮೀಸಲಿಡೋಣ. ಪಕ್ಕದಲ್ಲಿ ಕುಳಿತವರ ನಾಡಿ ಹಿಡಿದು ನೋಡೋಣ. ತಾಳ ತಪ್ಪಿದೆ ಅನ್ನಿಸಿದರೆ ಅವರನ್ನು ಒಬ್ಬರನ್ನೇ ಕಳುಹಿಸದೆ, ಜೊತೆಯಾಗಿ ಇಸಿಜಿಗೆ ಕರೆದುಕೊಂಡು ಹೋಗೋಣ.